ದೊಡ್ಡಮ್ಮನ ಹತ್ತಿರ ಹೋಗು

ನವೆಂಬರ್ 4, ಮಧ್ಯಾಹ್ನ ಎರಡು ಗಂಟೆ

ಅಕ್ಕನಿಗೆ, ನಿನ್ನ ತಂಗಿಯ ನಮಸ್ಕಾರ.

ನಾವೆಲ್ಲ ಇಲ್ಲಿ ಕ್ಷೇಮ ಅಂತ ಬರೆದು ಹೊಡೆದುಹಾಕಿದೀನಿ. ಮೇಲೆ ಗೀಟು ಕಾಣುತ್ತಲ್ಲ, ಅದೇ. ಕೈಗೆ ಅಭ್ಯಾಸ, ಏನು ಮಾಡೋದು. ಮಗು ಈಗಷ್ಟೇ ನಿದ್ದೆ ಹೋದ. ಕೈಕಾಲಿನ ವ್ಯಾಯಾಮ ಮುಗಿಯುವಷ್ಟರಲ್ಲಿ ಅವನಿಗೂ ಸಾಕಾಗಿತ್ತು, ನನಗೂ ಸಾಕಾಗಿತ್ತು. ಮೊನ್ನೆ ಬಲಗಾಲಿನ ಹೆಬ್ಬೆರಳು ಒಂದು ಸಲ ಅಲ್ಲಾಡಿತು. ಇವರು ಕುಣಿದಾಡಿಬಿಟ್ಟರು. ನಾನು ನರ್ಸು ತಾನೇ, ಅದು ತಾನಾಗಿ ಅಲ್ಲಾಡಿದ್ದೋ ಅವನು ಅಲ್ಲಾಡಿಸಿದ್ದೋ ಖಾತ್ರಿ ಆಗೋವರೆಗೆ ಬಾಯಿ ಬಿಡಲ್ಲ. ಮಾತು ಇನ್ನೂ ಬಂದಿಲ್ಲ. ಪ್ರತಿ ಕಾಗದದಲ್ಲೂ ಕೇಳ್ತೀಯಲ್ಲ, ಅದಕ್ಕೆ ಮೊದಲೇ ಹೇಳಿಬಿಟ್ಟೆ.

ನಿನ್ನ ಕಾಗದ ಬಂದು ಮೂರು ದಿನ ಆಯ್ತು. ಇಪ್ಪತ್ತನೇ ತಾರೀಖು ದತ್ತು ಕಚೇರಿಯ ಹೆಂಗಸು ಮನೆಗೆ ಬರ್ತಾರೆ, ಅವತ್ತು ನನಗೆ ಮಗು ಬೇಡ ಅಂತ ಬರೆದುಕೊಟ್ಟು ಸಹಿ ಹಾಕ್ತೀನಿ ಅಂತ ಬರೆದಿದೀಯ. ಆರು ವರ್ಷ ಕಾದಿದ್ದೀರಿ ನೀನೂ ಭಾವನೂ. ನಿಮ್ಮ ಮನೆಗೆ ಬರಬೇಕಾಗಿರೋ ಆ ಮೂರು ವರ್ಷದ ಹುಡುಗಿಯ ಫೋಟೋ ನಿಮ್ಮ ಫ್ರಿಜ್ಜಿನ ಬಾಗಿಲ ಮೇಲೆ ನಾನೇ ನೋಡಿದೀನಿ. ಈಗ ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತಂತೆ, ನಿಮ್ಮ ವಶದಲ್ಲಿದ್ದಾಗ ಯಾವ ಮಗುವಿಗಾದರೂ ಅಪಾಯ ಆಗಿದೆಯಾ ಅಂತ. ಅದನ್ನ ಖಾಲಿ ಬಿಡು ಅಂತ ಭಾವ ಹೇಳಿದರಂತೆ, ನೀನು ಹೌದು ಅಂತ ಬರೆದೆಯಂತೆ. ಅಷ್ಟಕ್ಕೆ ಏನೂ ಆಗಲ್ಲ, ವಿವರ ಕೊಡಿ ಸಾಕು ಅಂತ ಆ ಹೆಂಗಸು ಹೇಳಿದರೂ ನೀನೇ ಕೇಳಲಿಲ್ಲವಂತೆ. ಒಂದು ಗಳಿಗೆ ತಂಗಿಯ ಮಗುವನ್ನ ನೋಡಿಕೊಳ್ಳಲಾಗದವಳು ಜನ್ಮಪೂರ್ತಿ ಯಾರ ಮಗುವನ್ನ ನೋಡಿಕೊಳ್ತೀನಿ ಅಂತ ಬರೆದಿದೀಯ. ಬರುವ ವರ್ಷಕ್ಕೆ ನಿನ್ನ ವಯಸ್ಸು ಅವರ ನಿಯಮ ದಾಟುತ್ತೆ, ಮತ್ತೆ ಅರ್ಜಿ ಹಾಕೋ ಹಾಗಿಲ್ಲ, ಅದೂ ಒಳ್ಳೆಯದೇ ಅಂತ ಕೂಡ ಬರೆದಿದೀಯ.

ಅಕ್ಕಾ, ಸಹಿ ಹಾಕಬೇಡ. ಯಾಕೆ ಅಂತ ಹೇಳೋದಕ್ಕೇ ಈ ಕಾಗದ. ಫೋನು ಮಾಡಬಹುದಿತ್ತು ಅಂತೀಯ. ಮೂರು ಸಲ ಮಾಡಿದೆ, ನೆನಪಿದೆಯಾ? ನೀನು ಹೇಳೇ ಅಂದೆ. ಮಗು ಹೇಗಿದಾನೆ ಅಂತ ಕೇಳಿದೆ, ಇದ್ದಾನೆ ಅಂತ ನಾನು ಇಟ್ಟುಬಿಟ್ಟೆ. ನಾಳೆ ಡ್ಯೂಟಿಗೆ ಹೋಗುವಾಗ ಇದನ್ನ ಅಂಚೆಗೆ ಹಾಕಿದರೆ ಹತ್ತು ದಿನಕ್ಕೆ ನಿನ್ನ ಕೈ ಸೇರುತ್ತೆ. ಇಪ್ಪತ್ತಕ್ಕೆ ಇನ್ನೂ ಐದು ದಿನ ಉಳಿಯುತ್ತೆ.

ಮೊದಲಿಂದ ಹೇಳ್ತೀನಿ, ಇಲ್ಲದಿದ್ದರೆ ಮಧ್ಯದಲ್ಲಿ ಎಲ್ಲಾದರೂ ತಪ್ಪಿಸಿಕೊಂಡುಬಿಡ್ತೀನಿ.

ನಿನ್ನ ಮನೆಗೆ ಬರೋಕೆ ನನಗೆ ಅಂಥ ಮನಸ್ಸೇನೂ ಇರಲಿಲ್ಲ. ರಜೆ ಸಿಕ್ಕಿದರೆ ಬಾಗಿಲು ಹಾಕಿಕೊಂಡು ಮಲಗೋಣ ಅಂತಿದ್ದವಳು ನಾನು. ಎರಡು ಮಕ್ಕಳನ್ನ ಕಟ್ಟಿಕೊಂಡು ಹದಿನಾಲ್ಕು ಗಂಟೆ ವಿಮಾನದಲ್ಲಿ ಕೂರೋದು ಯಾರಿಗೆ ಬೇಕಿತ್ತು! ಇವರಿಗೆ ಪ್ರೆಸ್ಸಿನಲ್ಲಿ ರಜೆ ಇಲ್ಲ ಅಂದರು, ನೀವು ಹೋಗಿ ಬನ್ನಿ ಅಂದರು. ನೀನು ಮಾತ್ರ ಎರಡು ವರ್ಷದಿಂದ ಬಾರೇ ಬಾರೇ ಅಂತ ತಲೆ ತಿಂತಿದ್ದೆ. ಬಂದೆವು. ವಿಮಾನದಲ್ಲಿ ಸಣ್ಣವನು ಸೀಟಿನಿಂದ ಸೀಟಿಗೆ ಹಾರಿ ಹಾರಿ ಮುಂದಿನ ಸೀಟಿನ ಮುದುಕರಿಂದ ಬೈಸಿಕೊಂಡ. ನಿನ್ನ ಮನೆಗೆ ಬಂದು ಹತ್ತು ನಿಮಿಷಕ್ಕೆ ಸೋಫಾದಿಂದ ಟೀಪಾಯಿಗೆ ಹಾರಿದ. ನೀನು ನಕ್ಕು ನಕ್ಕು ಕಣ್ಣೊರೆಸಿಕೊಂಡು ಅವನಿಗೆ ಕಪ್ಪೆ ಅಂತ ಹೆಸರಿಟ್ಟೆ. ದೊಡ್ಡವಳು ಏಳನೇ ವರ್ಷಕ್ಕೇ ಎಲ್ಲರಿಗೂ ಬುದ್ಧಿ ಹೇಳೋದು ನೋಡಿ ಭಾವ ಅವಳನ್ನ ಮುದುಕಿ ಅಂತ ಕರೆದರು. ಆ ಎರಡು ಹೆಸರು ಈ ಮನೆಯಲ್ಲಿ ಈಗ ಯಾರೂ ಎತ್ತಲ್ಲ.

ನೀನು ನನ್ನ ಮಕ್ಕಳನ್ನ ಮಲಗಿಸಿದ್ದು ಆ ಹುಡುಗಿಗೆ ಅಂತ ಸಿದ್ಧ ಮಾಡಿದ ಕೋಣೆಯಲ್ಲಿ. ಹಾಸಿಗೆ ಮೇಲಿನ ಪ್ಲಾಸ್ಟಿಕ್ಕು ನಮಗೋಸ್ಕರ ಬಿಚ್ಚಿದೆ. ಪರದೆ ನೀನೇ ಹೊಲಿದದ್ದು. ಇಡೀ ದಿನ ಅಂಗಡಿಯಲ್ಲಿ ಬೇರೆಯವರ ಮನೆ ಪರದೆ ಹೊಲಿದು ಬಂದು, ಸಂಜೆ ಅದಕ್ಕೆ ಅಂಚು ಕೂರಿಸಿದ್ದೆ. ನಿಜ ಹೇಳಲಾ? ನನಗೆ ಹೊಟ್ಟೆಕಿಚ್ಚು ಬಂತು. ಮಗುವಿನ ಮೇಲಲ್ಲ, ನಿನ್ನ ಮನೆಯ ಮೇಲೆ. ಇಟ್ಟ ಚಮಚ ಇಟ್ಟ ಜಾಗದಲ್ಲೇ ಇರುತ್ತೆ. ಸ್ನಾನದ ಮನೆಗೆ ಹೋದರೆ ಬಾಗಿಲು ಬಡಿಯೋರಿಲ್ಲ. ಇಂಥ ಮನೆ ಇಟ್ಟುಕೊಂಡು ಮಗು ಬೇಕು ಅಂತ ಕೂತಿದಾಳಲ್ಲ ಅಂದುಕೊಂಡೆ. ಬಾಯಲ್ಲಿ ಹೇಳಲಿಲ್ಲ ಅಷ್ಟೆ.

ಮತ್ತೆ ನಿನ್ನ ಆ ಪಟ್ಟಿ. ಅಡಿಗೆಮನೆ ಬಾಗಿಲಿಗೆ ಅಂಟಿಸಿದ್ದೆಯಲ್ಲ, ಹತ್ತು ದಿನಕ್ಕೆ ಆರು ಜಾಗ. ವಸ್ತುಸಂಗ್ರಹಾಲಯ, ರಾಜರ ಸಮಾಧಿಗಳು, ಹಳೇ ಸೇತುವೆ, ಕೋಟೆ, ಇನ್ನೇನೇನೋ. ಮಕ್ಕಳು ದೊಡ್ಡವರಾದ ಮೇಲೆ ದೊಡ್ಡಮ್ಮ ತೋರಿಸಿದ್ದು ಅಂತ ನೆನಪಿಟ್ಟುಕೊಳ್ಳಬೇಕು ಅಂತ ನಿನ್ನ ಆಸೆ. ನಾಲ್ಕು ವರ್ಷದ ಮಗುವಿಗೆ ರಾಜನ ಸಮಾಧಿಯೂ ಒಂದೇ ಬಸ್‌ಸ್ಟಾಂಡಿನ ಬೆಂಚೂ ಒಂದೇ, ಹಾರೋಕೆ ಎತ್ತರ ಇದ್ದರೆ ಆಯ್ತು. ನಾಲ್ಕು ದಿನ ಅವನ ಹಿಂದೆ ಓಡಿದೆ. ಐದನೇ ದಿನ ಕೋಟೆ. ಬೆಳಿಗ್ಗೆ ಇವತ್ತು ಬೇಡ ಅಕ್ಕಾ ಅಂತ ಅನ್ನೋಣ ಅಂದುಕೊಂಡೆ. ನೀನು ಆಗಲೇ ನೀರಿನ ಬಾಟಲಿ ತುಂಬಿಸಿ, ತಿಂಡಿ ಕಟ್ಟಿಕೊಂಡು, ರಜಾ ಹಾಕಿ, ಟೋಪಿ ಇಟ್ಟುಕೊಂಡು ನಿಂತಿದ್ದೆ. ಆ ಟೋಪಿ ನೋಡಿ ಬಾಯಿ ಮುಚ್ಚಿಕೊಂಡೆ.

ಮೆಟ್ಟಿಲು ಹತ್ತುವಾಗ ಅರ್ಧ ದಾರಿಗೇ ಅವನು ಎತ್ತಿಕೋ ಅಂತ ಹಟ ಹಿಡಿದ. ನೀನು ಕೊಡು ಇಲ್ಲಿ ಅಂದರೂ ನಿನ್ನ ಹತ್ತಿರ ಬರಲಿಲ್ಲ. ಮೇಲಿನವರೆಗೆ ನಾನೇ ಹೊತ್ತೆ. ಅಲ್ಲಿ ಆ ಕಣಜಗಳ ಅಂಗಳ. ಆ ಕಾಲದಲ್ಲಿ ಸೈನ್ಯಕ್ಕೆ ಕಾಳು ತುಂಬಿಡ್ತಿದ್ದ ದುಂಡನೆಯ ಗುಂಡಿಗಳು, ಎರಡಾಳು ಆಳ, ಸುತ್ತ ಮೊಣಕಾಲೆತ್ತರದ ಕಟ್ಟೆ. ನೀನು ಮುದುಕಿಯ ಕೈ ಹಿಡಿದು ಗೋಡೆಗೆ ಹಾಕಿದ್ದ ಫಲಕ ಓದಿ ಹೇಳ್ತಿದ್ದೆ. ನಮಗೆ ಬೆನ್ನು ಹಾಕಿ ನಿಂತಿದ್ದೆ. ಎಷ್ಟು ದೂರ ಅಂದರೆ ನಮ್ಮ ವಾರ್ಡಿನ ಈ ತುದಿಯಿಂದ ಆ ತುದಿ, ಮೂವತ್ತು ಹೆಜ್ಜೆ.

ಇಲ್ಲಿಂದ ಮುಂದಿನದು ನಿನಗೆ ಗೊತ್ತು ಅಂದುಕೊಂಡಿದೀಯ. ಗೊತ್ತಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇದೆ, ನಿನಗೆ ಎಂದಾದರೂ ಹೇಳಿರಬೇಕು. ಡ್ಯೂಟಿ ಮುಗಿಸಿ ಹೊರಡುವ ನರ್ಸು ಮುಂದಿನವಳಿಗೆ ಒಬ್ಬೊಬ್ಬ ರೋಗಿಯನ್ನೂ ಬಾಯಿಬಿಟ್ಟು ಒಪ್ಪಿಸಬೇಕು. ಹಾಸಿಗೆ ಯಾವುದು, ಗಂಟೆ ಎಷ್ಟು, ರೋಗಿ ಹೇಗಿದಾನೆ. ಅವಳು ಅದನ್ನ ತಿರುಗಿ ಹೇಳಿ, ತಗೊಂಡೆ ಅನ್ನಬೇಕು. ತಗೊಂಡೆ ಅನ್ನೋವರೆಗೆ ರೋಗಿ ನಿನ್ನವನೇ, ನಿನ್ನ ಪಾಳಿ ಮುಗಿದು ಎರಡು ಗಂಟೆ ಆಗಿದ್ದರೂ ನಿನ್ನವನೇ. ಹದಿಮೂರು ವರ್ಷ ನಾನು ಒಂದು ದಿನ ತಪ್ಪಿಸಿದವಳಲ್ಲ. ಹೊಸ ಹುಡುಗಿಯರು ತಲೆಯಾಡಿಸಿ ಸುಮ್ಮನಾದರೆ ಬೈದು ಬಾಯಿಬಿಡಿಸ್ತೀನಿ.

ಕೋಟೆಯಲ್ಲಿ ನಾನು ನಿನಗೆ ಏನೂ ಹೇಳಲಿಲ್ಲ ಅಕ್ಕಾ. ಅವನನ್ನ ನೋಡ್ಕೋ ಅನ್ನಲಿಲ್ಲ. ನಿನ್ನನ್ನ ಕೂಗಲೂ ಇಲ್ಲ. ನೀನು ಹ್ಞೂಂ ಅನ್ನಲೂ ಇಲ್ಲ.

ಅವನು ನನ್ನ ಸೆರಗು ಜಗ್ಗಿ ಜಗ್ಗಿ ಅಳ್ತಿದ್ದ. ನನ್ನ ಭುಜ ಬಿದ್ದುಹೋಗಿತ್ತು. ಗೋಡೆಯಲ್ಲಿ ಒಂದು ಕಲ್ಲಿನ ಕಿಟಕಿ ಇತ್ತು, ಕೂರುವಷ್ಟು ಅಗಲ, ಗಾಳಿ ಬರ್ತಿತ್ತು. ಐದು ನಿಮಿಷ ನಾನು ಯಾರಿಗೂ ಏನೂ ಆಗಿರಬಾರದು ಅನ್ನಿಸಿತು. ಅವನ ಕೈ ಬಿಡಿಸಿ, ಬೆನ್ನ ಮೇಲೆ ಕೈ ಇಟ್ಟು ನಿನ್ನ ಕಡೆ ತಳ್ಳಿದೆ. “ಹೋಗು, ದೊಡ್ಡಮ್ಮನ ಹತ್ತಿರ ಹೋಗು” ಅಂದೆ. ಹೋದನಾ ಅಂತ ನೋಡಲಿಲ್ಲ. ಕಿಟಕಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡೆ. ನಾನು ಒಪ್ಪಿಸಿದ್ದು ನಿನಗಲ್ಲ. ನಾಲ್ಕು ವರ್ಷದ ಮಗುವನ್ನ ಆ ಮಗುವಿಗೇ ಒಪ್ಪಿಸಿ ಕೂತೆ.

ಅವನು ಗುಂಡಿಗೆ ಬಿದ್ದ ಸದ್ದು ನನಗೆ ಕೇಳಿಸಿತು. ಏನೋ ಚೀಲ ಬಿತ್ತು ಅಂದುಕೊಂಡೆ, ಕಣ್ಣು ಕೂಡ ಬಿಡಲಿಲ್ಲ. ಕಿರಿಚಿದ್ದು ಮುದುಕಿ. ನಾನು ಕಣ್ಣು ಬಿಡುವಷ್ಟರಲ್ಲಿ ನೀನು ಕಟ್ಟೆ ದಾಟಿ ಇಳಿದಿದ್ದೆ. ಹೇಗೆ ಇಳಿದೆಯೋ, ಅಲ್ಲಿ ಮೆಟ್ಟಿಲೂ ಇರಲಿಲ್ಲ. ನಿನ್ನ ಮಂಡಿ ಎರಡೂ ಕಿತ್ತುಹೋಗಿತ್ತು. ಎತ್ತಬೇಡ, ಕತ್ತು ಅಲ್ಲಾಡಿಸಬೇಡ ಅಂತ ನಾನು ಮೇಲಿಂದ ಕೂಗಿದೆ. ಅಷ್ಟೇ ನಾನು ಮಾಡಿದ್ದು. ಕಾವಲಿನವರು ಏಣಿ ತರೋವರೆಗೆ ನೀನು ಅವನ ತಲೆಯ ಎರಡು ಕಡೆ ಕೈ ಇಟ್ಟು ಹಾಗೇ ಕೂತಿದ್ದೆ.

ಆಸ್ಪತ್ರೆಯಿಂದ ಇವರಿಗೆ ಫೋನು ಮಾಡಿದೆ. ಇವರು ಮೊದಲು ಕೇಳಿದ್ದು ಯಾರ ಹತ್ತಿರ ಇದ್ದ ಅಂತ. ಅಕ್ಕನ ಹತ್ತಿರ ಅಂದೆ. ಯೋಚನೆ ಮಾಡಿ ಹೇಳಿದ್ದಲ್ಲ ಅಂತ ಬರೆದರೆ ಅದೂ ಸುಳ್ಳಾಗುತ್ತೆ. ಒಂದು ಕ್ಷಣ ಯೋಚನೆ ಮಾಡಿದೆ. ಆಮೇಲೆ ಪೊಲೀಸಿನವನು ಬಂದು ಪುಸ್ತಕ ತೆಗೆದ. ಅಷ್ಟೊತ್ತಿಗೆ ನಾನು ತಯಾರಾಗಿದ್ದೆ. ಹನ್ನೊಂದು ಇಪ್ಪತ್ತಕ್ಕೆ ಮಗುವನ್ನ ಅಕ್ಕನಿಗೆ ಒಪ್ಪಿಸಿದೆ, ನೋಡ್ಕೋ ಅಂದೆ, ಹ್ಞೂಂ ಅಂದಳು, ಆಮೇಲೆ ಹೋಗಿ ಕೂತೆ ಅಂತ ಹೇಳಿದೆ. ಗಂಟೆ, ಮಾತು, ಉತ್ತರ, ಎಲ್ಲ ಕೊಟ್ಟೆ. ನನ್ನ ಕೆಲಸದ ಭಾಷೆಯಲ್ಲೇ ಹೇಳಿದೆ, ಅದಕ್ಕೆ ಯಾರೂ ಎರಡನೇ ಸಲ ಕೇಳಲಿಲ್ಲ. ನಿನ್ನನ್ನ ಮಾತ್ರ ಎರಡು ಗಂಟೆ ಒಳಗೆ ಕೂರಿಸಿಕೊಂಡರು.

ಹೊರಗೆ ಬಂದು ನೀನು ಭಾವನಿಗೆ ಹೇಳಿದ ಮಾತು ನಾನು ಬೆಂಚಿನ ಮೇಲಿಂದ ಕೇಳಿಸಿಕೊಂಡೆ. “ನನಗೆ ನೆನಪೇ ಇಲ್ಲ. ಆದರೆ ಅವಳು ಹೇಳಿದೀನಿ ಅಂದರೆ ಹೇಳಿರ್ತಾಳೆ. ನಾನು ಹ್ಞೂಂ ಅಂದಿರ್ತೀನಿ” ಅಂದೆ.

ಹೀಗೇ ಅಂತೀಯ ಅಂತ ನನಗೆ ಗೊತ್ತಿತ್ತು. ನಿನಗೆ ಎಲ್ಲದಕ್ಕೂ ಹ್ಞೂಂ ಅನ್ನೋ ಅಭ್ಯಾಸ. ಅಮ್ಮನ ಸೀರೆಯ ಮೇಲೆ ನಾನು ಶಾಯಿ ಚೆಲ್ಲಿದಾಗಲೂ ಅಮ್ಮ ಕೇಳಿದ್ದಕ್ಕೆ ನೀನು ಹ್ಞೂಂ ಅಂದು ಏಟು ತಿಂದೆ. ಚಿಕ್ಕವಳಲ್ವಾ, ತಡಕೊಳ್ಳಲ್ಲ ಅಂತ ಆಮೇಲೆ ನನಗೆ ಹೇಳಿದೆ. ಈಗ ನನಗೆ ಮೂವತ್ತೇಳು, ನಾನು ಇನ್ನೂ ಅದೇ ಆಟ ಆಡಿದೆ. ಇವರು ಫೋನಿನಲ್ಲಿ ನಿನ್ನನ್ನ ಬಾಯಿಗೆ ಬಂದ ಹಾಗೆ ಬೈತಿದ್ದಾಗ ನಾನು ಪಕ್ಕದಲ್ಲೇ ಮಗುವಿನ ಬೆಡ್‌ಶೀಟು ಸರಿ ಮಾಡ್ತಾ ಇದ್ದೆ. ನಿಮ್ಮನ್ನ ನಂಬಿ ಕಳಿಸಿದೆನಲ್ಲ ಅಂದರು. ನಾನು ದಿಂಬಿನ ಕವರು ಬದಲಾಯಿಸಿದೆ.

ಇನ್ನೊಂದಿದೆ. ಇದನ್ನ ಬರೆಯೋದು ಬೇಡ ಅಂತ ಎರಡು ಸಲ ಪೆನ್ನು ಇಟ್ಟೆ. ಮುದುಕಿ ಅವತ್ತು ನಿನ್ನ ಕೈ ಹಿಡಿದು ನಿಂತಿದ್ದಳಲ್ಲ. ವಾಪಸ್ಸು ಬಂದು ಒಂದು ವಾರಕ್ಕೆ, ಅಜ್ಜಿಯ ಹಾಗೆ ಸೊಂಟದ ಮೇಲೆ ಕೈ ಇಟ್ಟುಕೊಂಡು ಬಂದು, ಅಮ್ಮಾ ನೀನು ದೊಡ್ಡಮ್ಮನಿಗೆ ಏನೂ ಹೇಳಲೇ ಇಲ್ವಲ್ಲ, ನಾನು ಅಲ್ಲೇ ಇದ್ದೆನಲ್ಲ ಅಂದಳು. ನಾನು ಅವಳನ್ನ ಕೂರಿಸಿಕೊಂಡು ಮೆತ್ತಗೆ ಹೇಳಿದೆ, ನೀನು ಚಿಕ್ಕವಳು ಪುಟ್ಟಾ, ಫಲಕ ನೋಡ್ತಿದ್ದೆ, ನಿನಗೆ ಕೇಳಿಸಿಲ್ಲ ಅಂತ. ಬೈದಿದ್ದರೂ ಚೆನ್ನಾಗಿತ್ತು, ಜಗಳ ಆಡ್ತಿದ್ದಳು. ಮುದ್ದು ಮಾಡಿ ಹೇಳಿದೆ, ಅದಕ್ಕೆ ನಂಬಿದಳು. ಈಗ ಆ ಮಗು ಕಣ್ಣೆದುರು ಕಂಡಿದ್ದನ್ನೂ ನನಗೆ ಸರಿಯಾಗಿ ಗೊತ್ತಿಲ್ಲ ಅಂತಾಳೆ. ಮಳೆ ಬರ್ತಿದೆಯಾ ಅಂದರೆ ಬರ್ತಿರಬಹುದು ಅಂತಾಳೆ. ಶಾಲೆಯ ಟೀಚರು ಕರೆಸಿ, ಪಾಠ ಬರುತ್ತೆ, ಕೈ ಎತ್ತಲ್ಲ ಅಂದರು. ಯಾಕಿರಬಹುದು ಅಂತ ನನ್ನನ್ನೇ ಕೇಳಿದರು.

ಈ ಏಳು ತಿಂಗಳಲ್ಲಿ ನಿನ್ನ ಒಂಬತ್ತು ಕಾಗದ ಬಂದಿದೆ. ಒಂದರಲ್ಲೂ ಒಂದು ಸಲವೂ, ನೀನು ನಿಜಕ್ಕೂ ಹೇಳಿದ್ದೆಯಾ ಅಂತ ಕೇಳಿಲ್ಲ. ಕೇಳಿದ್ದರೆ ಹೇಳಿಬಿಡ್ತಿದ್ದೆನೇನೋ ಅಂದುಕೊಳ್ತೀನಿ. ಹೇಳ್ತಿರಲಿಲ್ಲ ಬಿಡು.

ಆದ್ದರಿಂದ ಅಕ್ಕಾ, ಆ ಪ್ರಶ್ನೆಗೆ ಹೌದು ಅಂತ ಬರೆದಿದ್ದನ್ನ ಹೊಡೆದುಹಾಕು. ನಿನ್ನ ವಶದಲ್ಲಿದ್ದಾಗ ಯಾವ ಮಗುವಿಗೂ ಏನೂ ಆಗಿಲ್ಲ. ನನ್ನ ವಶದಲ್ಲಿದ್ದಾಗ ಆಗಿದ್ದು. ಇದರ ಜೊತೆ ಬೇರೆ ಹಾಳೆಯಲ್ಲಿ ಆ ಕಚೇರಿಯ ಹೆಂಗಸಿಗೆ ಅಂತ ಬರೆದು ಸಹಿ ಹಾಕಿದೀನಿ. ನನ್ನ ಆಸ್ಪತ್ರೆಯ ಫೋನ್ ನಂಬರೂ ಇದೆ, ಬೇಕಾದರೆ ಮಾತಾಡಲಿ. ಪೊಲೀಸಿನವರಿಗೂ ತೋರಿಸು, ನನಗೇನಾಗುತ್ತೋ ಆಗಲಿ. ಇವರಿಗೆ ಇನ್ನೂ ಹೇಳಿಲ್ಲ, ಹೇಳ್ತೀನಿ. ಮುದುಕಿಗೂ ಹೇಳಬೇಕು, ಅದು ಎಲ್ಲಕ್ಕಿಂತ ಕಷ್ಟ.

ನನ್ನ ಮೇಲೆ ಸಿಟ್ಟು ಮಾಡಿಕೋ. ನಿನಗೆ ಸಿಟ್ಟು ಮಾಡೋಕೆ ಬರಲ್ಲ ಅಂತ ಗೊತ್ತು, ಆದರೂ ಕಲಿತುಕೋ. ಇನ್ನು ನನ್ನ ಮುಖ ನೋಡಲ್ಲ ಅಂದರೂ ನನಗೆ ಕೇಳೋ ಹಕ್ಕಿಲ್ಲ. ಆದರೆ ಆ ಹುಡುಗಿಯನ್ನ ಬಿಡಬೇಡ. ಅವತ್ತು ಆ ಗುಂಡಿಯಲ್ಲಿ ಮಗುವಿನ ತಲೆ ಹಿಡಿದು ಅಲ್ಲಾಡದೆ ಕೂತಿದ್ದವಳು ನೀನು. ಅವನು ಬದುಕಿದ್ದೇ ಅದರಿಂದ ಅಂತ ಅಲ್ಲಿನ ಡಾಕ್ಟರು ನನಗೆ ಹೇಳಿದ್ದರು. ಅದನ್ನೂ ನಿನಗೆ ಹೇಳದೆ ಮುಚ್ಚಿಟ್ಟಿದ್ದೆ. ಭಾವನಿಗೆ ಈ ಕಾಗದ ಓದಿಸು.

ಅವನು ಎದ್ದ ಹಾಗಿದೆ. ನಿಲ್ಲಿಸ್ತೀನಿ.

ಇಷ್ಟು ದಿನ ನಿನ್ನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ,
ನಿನ್ನ ತಂಗಿ


ಡಿಸೆಂಬರ್ 2

ಬರೆಯೋಕೆ ಮರೆತು ಆಮೇಲೆ ಸೇರಿಸಿದ ಮಾತಲ್ಲ ಇದು. ಮೇಲಿನ ತಾರೀಖು ಸರಿಯಾಗಿಯೇ ಇದೆ. ಈ ಕಾಗದ ನಾನು ಅಂಚೆಗೆ ಹಾಕಲಿಲ್ಲ ಅಕ್ಕಾ. ದಿನಾ ಬ್ಯಾಗಿನಲ್ಲಿ ಇಟ್ಟುಕೊಂಡು ಡ್ಯೂಟಿಗೆ ಹೋದೆ, ದಿನಾ ಇಟ್ಟುಕೊಂಡು ವಾಪಸ್ಸು ಬಂದೆ. ಹತ್ತನೇ ತಾರೀಖಿನವರೆಗೆ ಇನ್ನೂ ತಲುಪುತ್ತೆ ಅಂತ ಲೆಕ್ಕ ಹಾಕಿದೆ. ಆಮೇಲೆ ಫೋನು ಮಾಡ್ತೀನಿ ಅಂದುಕೊಂಡೆ. ಇಪ್ಪತ್ತನೇ ತಾರೀಖು ಇಡೀ ದಿನ ಫೋನು ಕೈಯಲ್ಲೇ ಇತ್ತು.

ನಿನ್ನೆ ನಿನ್ನ ಕಾಗದ ಬಂತು. ಸಹಿ ಹಾಕಿದೆ ಅಂತ ಬರೆದಿದೀಯ. ಆ ಹುಡುಗಿ ಬೇರೆ ಮನೆಗೆ ಹೋಗ್ತಾಳಂತೆ, ಒಳ್ಳೆಯ ಜನರಂತೆ, ನೆಮ್ಮದಿ ಆಯ್ತು ಅಂತ ಬರೆದಿದೀಯ. ನನ್ನನ್ನ ಕ್ಷಮಿಸಿದೀಯಾ ಅಂತ ಒಂದು ಸಾಲು ಬರಿ, ಸಾಕು ಅಂತ ಕೊನೆಯಲ್ಲಿ ಕೇಳಿದೀಯ.

ಅದನ್ನ ಓದಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ. ಸಮಾಧಾನ. ಸದ್ಯ, ಇನ್ನು ಹೇಳಬೇಕಾಗಿಲ್ಲ ಅಂತ. ಒಂದು ಲೋಟ ನೀರು ಕುಡಿದು ಅಡಿಗೆಗೆ ಇಟ್ಟೆ. ಕುಕ್ಕರ್ ಕೂಗೋವರೆಗೆ ಹಾಗೇ ಇದ್ದೆ. ಆಮೇಲೆ ನನಗೆ ನನ್ನನ್ನ ಕಂಡೇ ಹೆದರಿಕೆ ಆಯ್ತು.

ನನ್ನ ಕೈಯಲ್ಲಿ ಬಿಟ್ಟರೆ ಈ ಕಾಗದ ಎಂದೂ ಹೊರಡಲ್ಲ. ಅದಕ್ಕೆ ಲಕೋಟೆ ಅಂಟಿಸಿಲ್ಲ. ಇವರು ಹೊರಗೆ ಚಪ್ಪಲಿ ಹಾಕಿಕೊಳ್ತಿದಾರೆ. ಓದಿ, ಪೋಸ್ಟ್ ಮಾಡಿ ಅಂತ ಹೇಳಿ ಕೊಡ್ತೀನಿ.